ಪಂಚಾಯ್ತಿ ಬ್ಯಾರೆ, ಕೌನ್ಸೆಲಿಂಗ್ ಬ್ಯಾರೆ

ನಮ್ಮ ಬಾಗಲಕೋಟಿ ಕಡೆ ಗಂಡ ಹೆಂಡ್ತಿ ಜಗಳ ಜೋರಾತಂದ್ರ ಮೊದಲ ಫೋನ್ ಹೋಗೋದು ಸೋದರಮಾವಗ, ಆಮ್ಯಾಲ ಎರಡೂ ಮನಿ ಹಿರೇರು ಕೂಡ್ತಾರ, ಚಾ ಆಗ್ತೈತಿ, ತಪ್ಪು ಯಾರ್ದು ಅಂತ ತೀರ್ಮಾನ ಆಗ್ತೈತಿ, "ಹೊಂದ್ಕೊಂಡು ಹೋಗವಾ" ಅಂತ ಹುಡುಗಿಗೆ ಹೇಳಿ ಎಲ್ಲಾರೂ ಎದ್ದು ಹೋಗ್ತಾರ. ಅದ್ರಾಗ ಸಂಬಂಧದೊಳಗ ಮದುವಿ ಆಗಿದ್ರಂತೂ ಮುಗೀತು, ಸೋದರಮಾವನೇ ಗಂಡ, ಅಜ್ಜೀನೇ ಅತ್ತಿ, ನ್ಯಾಯ ಹೇಳಾಕ ಕುಂತಾವ್ರೊಳಗ ಹೊರಗಿನಾಂವ ಅನ್ನಾಂವ ಒಬ್ಬನೂ ಇರಂಗಿಲ್ಲ.

ಕೌನ್ಸೆಲರ್ ಕಡೆ ಹೋಗೂಣು ಅಂದ್ರ ಮಂದಿ ತಿಳ್ಕೊಳ್ಳೋದು ಇದೂ ರೊಕ್ಕ ಕೊಟ್ಟು ಮಾಡ್ಸೋ ಪಂಚಾಯ್ತಿ ಅಂತ. ಹಂಗಲ್ರಿ. ಅಲ್ಲಿ ಯಾರ್ದು ತಪ್ಪು ಅಂತ ಯಾರೂ ಹೇಳಂಗಿಲ್ಲ, ಜಗಳ ಹೆಂಗ ಶುರು ಆಗ್ತೈತಿ, ಯಾವ ಮಾತಿಗೆ ಏರ್ತೈತಿ, ಎಲ್ಲಿ ಬಂದು ನಿಲ್ತೈತಿ, ಇದನ್ನ ನೋಡ್ತಾರ.

ಇದರ ಹಿಂದ ವಿಜ್ಞಾನ ಐತಿ. ಅಮೆರಿಕಾದ ಮನಶ್ಶಾಸ್ತ್ರಜ್ಞರು ಜಾನ್ ಗಾಟ್‌ಮನ್, ರಾಬರ್ಟ್ ಲೆವೆನ್ಸನ್ 1980ರ ದಶಕದಾಗ ದಂಪತಿಗಳನ್ನ ಲ್ಯಾಬಿನ್ಯಾಗ ಕುಂದ್ರಿಸಿ, ಎದಿಬಡಿತ ಬೆವರು ಅಳೆಯೋ ವೈರ್ ಹಚ್ಚಿ, ಕ್ಯಾಮೆರಾ ಇಟ್ಟು, ನೀವು ಯಾವ್ದಕ್ಕ ಜಗಳಾಡ್ತೀರೋ ಅದನ್ನ ಇಲ್ಲೇ ಮಾತಾಡ್ರಿ ಅಂದ್ರು, ಆಮ್ಯಾಲ ವರ್ಷಗಟ್ಟಲೆ ಆ ಜೋಡಿಗಳ ಬಾಳೇವು ಏನಾತಂತ ನೋಡ್ಕೋತ ಹೋದ್ರು. ಜಗಳ ಆಡೋರೆಲ್ಲಾ ಬ್ಯಾರೆ ಆಗ್ಲಿಲ್ಲ. "ಕಬ್ಬಿನ ಬಿಲ್ ಬಂದದ್ದು ನನಗ್ಯಾಕ ಹೇಳ್ಲಿಲ್ಲ?" ಅಂದ್ರ ಅದೊಂದು ದೂರು, ಸಂಸಾರ ತಡ್ಕೋತೈತಿ. "ನಿಮ್ಮ ಮನಿತನಾನ ಹಂಗ, ನಿನಗೇನು ತಿಳೀತೈತಿ" ಅಂತ ಮೂಗು ಮುರದ್ರ ಅದು ತಾತ್ಸಾರ, ಸಂಬಂಧ ಮುರಿಯೋ ಲಕ್ಷಣದಾಗ ಗಾಟ್‌ಮನ್ ಎಲ್ಲಕ್ಕಿಂತ ಕೆಟ್ಟದ್ದು ಅಂದದ್ದು ಇದನ್ನ.

ನನಗ ಭಾಳ ಹಿಡಿಸಿದ್ದು ಎದಿಬಡಿತದ ವಿಷಯ. ಜಗಳದಾಗ ಬಡಿತ ನಿಮಿಷಕ್ಕ 100ರ ಮ್ಯಾಲ ಹೋತಂದ್ರ ಮೈ ಪೂರಾ ಹೊಡದಾಟಕ್ಕ ಇಲ್ಲಾ ಓಟಕ್ಕ ತಯಾರಾಗಿರ್ತೈತಿ, ಆಗ ಎದುರಿನವರ ಮಾತು ಕಿವಿಗೆ ಬಿದ್ರೂ ತಲಿಗೆ ಹತ್ತಂಗಿಲ್ಲ. ಗಂಡ ಗಪ್ಪಂತ ಮೊಬೈಲ್ ನೋಡ್ಕೋತ ಕುಂತಾನ, ಹೆಂಡ್ತಿ "ನೋಡ, ಕಲ್ಲಿದ್ದಂಗ ಅದಾನ" ಅಂತ ಇನ್ನಷ್ಟು ಸಿಟ್ಟಾಗ್ತಾಳ, ಒಳಗ ನೋಡಿದ್ರ ಅವನ ಎದಿ ಡವಡವ ಅಂತಿರ್ತೈತಿ (ಹಿಂಗ ಬಾಯಿ ಮುಚ್ಚೋದು ಗಂಡಸರೊಳಗ ಜಾಸ್ತಿ). ಅದಕ್ಕ ಕೌನ್ಸೆಲರ್ ಹೇಳೋದು, ಕಡಿಮಿ ಅಂದ್ರ 20 ನಿಮಿಷ ಬಿಡ್ರಿ, ಮತ್ತ ಬಂದು ಮಾತಾಡ್ತೀನಿ ಅಂತ ಹೇಳಿ ಎದ್ದು ಹೋಗ್ರಿ. ಹೇಳದ ಎದ್ದು ಹೋದ್ರ ಅದು ಇನ್ನೊಂದು ಜಗಳ.

ಇನ್ನೊಂದು, ದಂಪತಿಗಳ ತಕರಾರಿನಾಗ ಸುಮಾರು 69% ಎಂದೂ ಬಗೆಹರಿಯಂಗಿಲ್ಲ ಅಂತ ಗಾಟ್‌ಮನ್ ಲೆಕ್ಕ. ಒಬ್ರಿಗೆ ರೊಕ್ಕ ಕೂಡಿಡಬೇಕು, ಒಬ್ರಿಗೆ ಖರ್ಚು ಮಾಡಬೇಕು, ಇದಕ್ಕ ಯಾವ ಹಿರೇ ಮನಶಾ ಏನು ತೀರ್ಪು ಕೊಟ್ಟಾನು?

ಹಂಗಂತ ಕೌನ್ಸೆಲಿಂಗ್ ಮಂತ್ರ ಅಲ್ಲ. ಆಂಡ್ರ್ಯೂ ಕ್ರಿಸ್ಟೆನ್ಸನ್, ನೀಲ್ ಜೇಕಬ್ಸನ್ ಅನ್ನೋ ಮನಶ್ಶಾಸ್ತ್ರಜ್ಞರ ತಂಡ ಅಮೆರಿಕಾದಾಗ ಸಂಸಾರ ಭಾಳ ಹದಗೆಟ್ಟಿದ್ದ 134 ಜೋಡಿಗಳಿಗೆ ಥೆರಪಿ (ಇಂಥಾ ಕೌನ್ಸೆಲಿಂಗ್) ಕೊಟ್ಟು 5 ವರ್ಷ ಆದಮ್ಯಾಲ ನೋಡಿದ್ರ ಹೆಚ್ಚು ಕಡಿಮಿ ಅರ್ಧ ಮಂದಿ ಸುಧಾರಿಸಿದ್ರು, ಕಾಲು ಭಾಗದಷ್ಟು ಬ್ಯಾರೆ ಆಗಿದ್ರು. ಅಷ್ಟು ಕೆಟ್ಟ ಹಂತದಾಗ ಬಂದವರೊಳಗ ಅರ್ಧ ಅಂದ್ರ ನನಗಂತೂ ಸಣ್ಣದು ಅನ್ನಸಂಗಿಲ್ಲ.

ಹೊಡೆತ ಬಡಿತ ಇದ್ದಲ್ಲಿ ಮಾತ್ರ ಜೋಡಿಯಾಗಿ ಕುಂದ್ರೋದು ಬ್ಯಾಡ, ಅಲ್ಲಿ ಮೊದಲ ಸುರಕ್ಷತೆ, ಮಹಿಳಾ ಸಹಾಯವಾಣಿ 181 ಐತಿ. ಉಳಿದವ್ರು, ಬಾಗಲಕೋಟಿ ನವನಗರದಾಗ ಯಾರರ ನೋಡಿಬಿಟ್ರ ಅಂತ ಅಂಜಿಕಿ ಇದ್ರ, 2022ರ ಅಕ್ಟೋಬರ್‌ದಾಗ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ಚಬಹುದು, ಫ್ರೀ, ಕನ್ನಡದಾಗ ಮಾತಾಡ್ತಾರ. ಪೂರಾ ಥೆರಪಿ ಫೋನಿನ್ಯಾಗ ಆಗಂಗಿಲ್ಲ, ಮುಂದ ಎಲ್ಲಿ ಹೋಗಬೇಕಂತ ಕೇಳ್ಕೋಬಹುದು. ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರಿ ಡಿಮ್ಹಾನ್ಸ್ ನಮಗೇನು ಭಾಳ ದೂರ ಇಲ್ಲ. ಗಂಡ ಬರಂಗಿಲ್ಲ ಅಂದ್ರ ಹೆಂಡ್ತಿ ಒಬ್ಬಾಕಿನ ಹೋಗ್ಲಿ, ಹೆಂಡ್ತಿ ಒಲ್ಲೆ ಅಂದ್ರ ಗಂಡ ಹೋಗ್ಲಿ, ಒಬ್ರು ಬಂದ್ರೂ ಮಾತು ಶುರು ಮಾಡ್ತಾರ.