ಹೊಸ ಕಾರ್ಡ್‌ನ ಭಾರ ಹಳೆಯ ಪ್ರೊಸೆಸರ್‌ನ ಮೇಲೆ

ಎಂಟು ಹತ್ತು ವರ್ಷದ ಡೆಸ್ಕ್‌ಟಾಪ್‌ಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಕೊಂಡವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಯಾವ ಡ್ರೈವರ್ ಹಾಕಿದರೆ ವೇಗ ಬರುತ್ತದೆ?’ ಕೇಳುವ ಹೊತ್ತಿಗೆ ನಾಲ್ಕಾರು ಆವೃತ್ತಿಗಳನ್ನು ಹಾಕಿ ತೆಗೆದಿರುತ್ತಾರೆ. ಆಟ ಮಾತ್ರ ಹಳೆಯ ಕಾರ್ಡ್‌ನಲ್ಲಿ ಓಡಿದಷ್ಟೇ ಓಡುತ್ತಿರುತ್ತದೆ, ಒಮ್ಮೊಮ್ಮೆ ಇನ್ನಷ್ಟು ತಡವರಿಸುತ್ತದೆ. ಬೈಗುಳವೆಲ್ಲ ಡ್ರೈವರ್ ಪಾಲಿಗೆ. ಡ್ರೈವರ್‌ನಲ್ಲಿ ದೋಷವೇ ಇರುವುದಿಲ್ಲ ಎಂದು ನಾನು ವಾದಿಸುವುದಿಲ್ಲ. ಆದರೆ ಡ್ರೈವರ್ ಎಂಬ ತಂತ್ರಾಂಶ ಓಡುವುದು ನಿಮ್ಮ ಹಳೆಯ ಪ್ರೊಸೆಸರ್‌ನಲ್ಲಿ ಎಂಬುದನ್ನು ಮಾತ್ರ ಬಹಳ ಮಂದಿ ಗಮನಿಸಿರುವುದಿಲ್ಲ.

ಆಟವು ‘ಈ ಗೋಡೆ ಬರೆ, ಆ ಮರ ಬರೆ, ಅದರ ನೆರಳು ಬರೆ’ ಎಂದು ಒಂದೊಂದು ಫ್ರೇಮ್‌ಗೂ (ಪರದೆಯಲ್ಲಿ ಮೂಡುವ ಒಂದೊಂದು ಚಿತ್ರಕ್ಕೂ) ಸಾವಿರಾರು ಆಜ್ಞೆಗಳನ್ನು ಕಳುಹಿಸುತ್ತದೆ. ಅವನ್ನು ಕಾರ್ಡ್‌ನ ಚಿಪ್‌ಗೆ ತಿಳಿಯುವ ರೂಪಕ್ಕೆ ತರುವುದು, ಶೇಡರ್‌ಗಳನ್ನು (ಬೆಳಕು, ಬಣ್ಣ ಲೆಕ್ಕ ಹಾಕುವ ಕಿರು ಪ್ರೋಗ್ರಾಂಗಳನ್ನು) ಕಂಪೈಲ್ ಮಾಡುವುದು, ಯಾವ ದತ್ತಾಂಶ ಕಾರ್ಡ್‌ನ ಮೆಮೊರಿಯಲ್ಲಿ ಉಳಿಯಬೇಕು ಎಂದು ನಿರ್ಧರಿಸುವುದು ಡ್ರೈವರ್‌ನ ಕೆಲಸ. ಆಟವು ಡ್ರೈವರ್‌ಗೆ ಆಜ್ಞೆ ಕೊಡುವ ವ್ಯವಸ್ಥೆಗಳಲ್ಲಿ ಒಂದಾದ ಡೈರೆಕ್ಟ್‌ಎಕ್ಸ್ 11 ಬಳಸುವ ಆಟಗಳಲ್ಲಿ ಈ ಹೊರೆಯ ಬಹುಪಾಲು ಒಂದೆರಡು ಥ್ರೆಡ್‌ಗಳ (ಪ್ರೊಸೆಸರ್ ಒಂದಾದ ಮೇಲೊಂದರಂತೆ ಮಾಡುವ ಕೆಲಸದ ಸರಣಿಗಳ) ಮೇಲೆಯೇ ಬೀಳುತ್ತದೆ. ಡೈರೆಕ್ಟ್‌ಎಕ್ಸ್ 12 ಮತ್ತು ವಲ್ಕನ್ ಬಂದ ಮೇಲೆ ಹೊರೆಯನ್ನು ಹಲವು ಕೋರ್‌ಗಳಿಗೆ ಹಂಚುವುದು ಸಾಧ್ಯವಾಯಿತು, ಆದರೆ ಹಂಚಲು ಕೋರ್‌ಗಳೂ ಇರಬೇಕಲ್ಲ! ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದೊಂದಕ್ಕೂ ಸಿಗುವ ಕಾಲ 16.7 ಮಿಲಿಸೆಕೆಂಡ್. ಪ್ರೊಸೆಸರ್‌ಗೆ ಒಂದು ಫ್ರೇಮ್ ಸಿದ್ಧಪಡಿಸಲು 22 ಮಿಲಿಸೆಕೆಂಡ್ ಹಿಡಿದರೆ ನಿಮಗೆ ಸಿಗುವುದು ಸುಮಾರು 45 ಫ್ರೇಮ್. ಎಷ್ಟೇ ದೊಡ್ಡ ಕಾರ್ಡ್ ಹಾಕಿ, ಅದು ಆಜ್ಞೆಗಾಗಿ ಕಾಯುತ್ತಾ ಕೂರುತ್ತದೆ.

‘ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಶೇ 30 ಮಾತ್ರ ಬಳಕೆಯಾಗುತ್ತಿದೆ’ ಎಂಬ ಉತ್ತರ ಕೂಡಲೇ ಬರುತ್ತದೆ. ನನಗೆ ಅತಿ ಹೆಚ್ಚು ತಲೆನೋವು ತಂದಿರುವ ಸಂಖ್ಯೆ ಇದು. ನಾಲ್ಕು ಕೋರ್, ಎಂಟು ಥ್ರೆಡ್‌ನ ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ಪೂರ್ತಿ ದಣಿದಿದ್ದರೂ ಒಟ್ಟು ಲೆಕ್ಕದಲ್ಲಿ ಅದು ಕಾಣುವುದು ಶೇ 12.5 ಎಂದೇ. ವಿಂಡೋಸ್ ಆ ಥ್ರೆಡ್ ಅನ್ನು ಕೋರ್‌ನಿಂದ ಕೋರ್‌ಗೆ ಓಡಾಡಿಸುವುದರಿಂದ ಪ್ರತಿ ಕೋರ್‌ನ ಗ್ರಾಫ್ ಕೂಡ ಪೂರ್ತಿ ನಿಜ ಹೇಳುವುದಿಲ್ಲ. ನೋಡಬೇಕಾದದ್ದು ಕಾರ್ಡ್‌ನ ಬಳಕೆಯ ಪ್ರಮಾಣವನ್ನು. ವಿ-ಸಿಂಕ್ (ಪರದೆಯ ವೇಗಕ್ಕೆ ಫ್ರೇಮ್‌ಗಳನ್ನು ಹೊಂದಿಸುವ ಸೆಟ್ಟಿಂಗ್) ಮತ್ತು ಫ್ರೇಮ್ ಮಿತಿ ಎರಡನ್ನೂ ತೆಗೆದ ಮೇಲೂ ಕಾರ್ಡ್ ಶೇ 55–60ರ ಆಸುಪಾಸಿನಲ್ಲೇ ಇದ್ದರೆ ತಡೆ ಬೇರೆಡೆ ಇದೆ ಎಂದರ್ಥ. ಇನ್ನೂ ಸುಲಭದ ಪರೀಕ್ಷೆಯೊಂದಿದೆ. ರೆಸಲ್ಯೂಶನ್ ಅನ್ನು 1080ರಿಂದ 720ಕ್ಕೆ ಇಳಿಸಿ, ಅದೇ ಜಾಗದಲ್ಲಿ ನಿಂತು ನೋಡಿ. ಫ್ರೇಮ್ ಸಂಖ್ಯೆ ಅಲುಗಾಡದಿದ್ದರೆ ಕಾರ್ಡ್ ನಿರಪರಾಧಿ. ಅಂಥ ಕಂಪ್ಯೂಟರ್‌ನಲ್ಲಿ ಟೆಕ್ಸ್ಚರ್ ಗುಣಮಟ್ಟ ಇಳಿಸಿ ಫಲವಿಲ್ಲ. ದೂರದ ವಸ್ತುಗಳು, ಜನಸಂದಣಿ, ನೆರಳು ಇವುಗಳ ಸೆಟ್ಟಿಂಗ್ ಇಳಿಸಬೇಕು.

ಇದು ಬರೀ ಹಳೆಯ ಡ್ರೈವರ್‌ಗಳ ಕಥೆಯಲ್ಲ. 2024ರ ಡಿಸೆಂಬರ್‌ನಲ್ಲಿ ಬಂದ ಇಂಟೆಲ್ ಆರ್ಕ್ ಬಿ580 ಕಾರ್ಡ್ ಅನ್ನು ವಿಮರ್ಶಕರು ಅತಿ ವೇಗದ ಪ್ರೊಸೆಸರ್‌ಗಳ ಜೊತೆ ಪರೀಕ್ಷಿಸಿ ಹೊಗಳಿದರು. ಕೆಲವೇ ವಾರಗಳಲ್ಲಿ ಅದೇ ಕಾರ್ಡ್ ಎಎಂಡಿಯ ಹಳೆಯ ರೈಜೆನ್ ಪ್ರೊಸೆಸರ್‌ಗಳ ಜೊತೆ ಹಲವು ಆಟಗಳಲ್ಲಿ ಮುಗ್ಗರಿಸುವುದು ಬೆಳಕಿಗೆ ಬಂತು. ಡ್ರೈವರ್ ಪ್ರೊಸೆಸರ್‌ನಿಂದ ಹೆಚ್ಚು ಕೆಲಸ ಬೇಡುತ್ತಿತ್ತು. ನಂತರದ ಡ್ರೈವರ್‌ಗಳು ಕೆಲವು ಆಟಗಳಲ್ಲಿ ಪರಿಸ್ಥಿತಿಯನ್ನು ಸುಧಾರಿಸಿದವು. ವಿಮರ್ಶೆಯ ಅಂಕಿಗಳನ್ನು ನಂಬಿ ಹಳೆಯ ಕಂಪ್ಯೂಟರ್‌ಗೆ ಕಾರ್ಡ್ ಕೊಳ್ಳುವವರು ಮೊದಲು ಓದಬೇಕಾದದ್ದು, ಪರೀಕ್ಷೆಗೆ ಬಳಸಿದ ಪ್ರೊಸೆಸರ್ ಯಾವುದು ಎಂಬ ಸಾಲನ್ನು.

ಆರ್ಕ್ ಕಾರ್ಡ್‌ಗಳಿಗೆ ಇನ್ನೊಂದು ಷರತ್ತೂ ಇದೆ, ರೀಸೈಸಬಲ್ ಬಾರ್. ಸಾಮಾನ್ಯವಾಗಿ ಪ್ರೊಸೆಸರ್ ಕಾರ್ಡ್‌ನ ಮೆಮೊರಿಯನ್ನು ಒಂದು ಸಲಕ್ಕೆ 256 ಎಂಬಿಯಷ್ಟು ಮಾತ್ರ ನೋಡಬಲ್ಲದು; ಈ ಸೌಲಭ್ಯವಿದ್ದರೆ ಇಡೀ ಮೆಮೊರಿ ತೆರೆದುಕೊಳ್ಳುತ್ತದೆ. ಇದಕ್ಕೆ ಮದರ್‌ಬೋರ್ಡ್‌ನ ಬಯಾಸ್ ಸೆಟ್ಟಿಂಗ್‌ಗಳಲ್ಲಿ ‘ಅಬೋವ್ 4ಜಿ ಡಿಕೋಡಿಂಗ್’ ಆನ್ ಇರಬೇಕು, ಹಳೆಯ ರೀತಿಯ ಬೂಟ್‌ಗೆ ಅವಕಾಶ ಕೊಡುವ ಸಿಎಸ್‌ಎಂ ಆಫ್ ಇರಬೇಕು. ಹಳೆಯ ಕಂಪ್ಯೂಟರ್‌ನಲ್ಲಿ ತೊಡಕು ಶುರುವಾಗುವುದೇ ಇಲ್ಲಿ. ಡಿಸ್ಕ್‌ನ ವಿಭಾಗಗಳು ಎಂಬಿಆರ್ ಎಂಬ ಹಳೆಯ ಮಾದರಿಯಲ್ಲಿದ್ದರೆ ಸಿಎಸ್‌ಎಂ ತೆಗೆದ ಕೂಡಲೇ ವಿಂಡೋಸ್ ಬೂಟ್ ಆಗುವುದಿಲ್ಲ, ಬಳಕೆದಾರರು ಗಾಬರಿಯಾಗುತ್ತಾರೆ. ವಿಂಡೋಸ್ 10ರಲ್ಲೇ ಇರುವ ಎಂಬಿಆರ್2ಜಿಪಿಟಿ ಉಪಕರಣ ಡಿಸ್ಕ್ ಅನ್ನು ಫಾರ್ಮ್ಯಾಟ್ ಮಾಡದೆ ಹೊಸ ಜಿಪಿಟಿ ಮಾದರಿಗೆ ಬದಲಾಯಿಸುತ್ತದೆ. ಆದರೂ ಬ್ಯಾಕಪ್ ಇಲ್ಲದೆ ಅದಕ್ಕೆ ಕೈ ಹಾಕಬೇಡಿ.

ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ನ ವಿಷಯವೂ ಡ್ರೈವರ್‌ನ ಲೆಕ್ಕಕ್ಕೇ ಜಮೆಯಾಗುತ್ತದೆ. 2022ರ ಜನವರಿಯಲ್ಲಿ ಬಂದ ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ ಬಳಸುವುದು ನಾಲ್ಕೇ ಲೇನ್‌ಗಳನ್ನು (ಕಾರ್ಡ್ ಮತ್ತು ಬೋರ್ಡ್ ನಡುವೆ ದತ್ತಾಂಶ ಸಾಗುವ ಓಣಿಗಳನ್ನು), ಅದರ ಮೆಮೊರಿ 4 ಜಿಬಿ. ಪಿಸಿಐ ಎಕ್ಸ್‌ಪ್ರೆಸ್ 4.0 ಬೋರ್ಡ್‌ನಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಸಾಗುವ ದಾರಿ 3.0 ಬೋರ್ಡ್‌ನಲ್ಲಿ ಅರ್ಧಕ್ಕೆ ಇಳಿಯುತ್ತದೆ. ಕಾರ್ಡ್‌ನ ಮೆಮೊರಿ ತುಂಬಿ ಮುಖ್ಯ ರ್‍ಯಾಮ್‌ನಿಂದ ದತ್ತಾಂಶ ತರಬೇಕಾದಾಗ ಆಟ ನಿಂತು ನಿಂತು ಓಡುತ್ತದೆ. ನಿಮ್ಮ ಕಾರ್ಡ್ ಎಷ್ಟು ಲೇನ್‌ನಲ್ಲಿ ಓಡುತ್ತಿದೆ ಎಂದು ತಿಳಿಯಲು ಜಿಪಿಯು-ಝಡ್ ಎಂಬ ಪುಟ್ಟ ತಂತ್ರಾಂಶ ಸಾಕು. ಅದರಲ್ಲಿ ‘ಬಸ್ ಇಂಟರ್‌ಫೇಸ್’ ಸಾಲಿನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಆವೃತ್ತಿ 1.1 ಎಂದು ಕಂಡು ಹೌಹಾರಬೇಡಿ. ಕೆಲಸವಿಲ್ಲದಾಗ ಕಾರ್ಡ್ ವಿದ್ಯುತ್ ಉಳಿಸಲು ವೇಗ ಇಳಿಸಿಕೊಂಡಿರುತ್ತದೆ. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ರೆಂಡರ್ ಪರೀಕ್ಷೆ ಓಡಿಸಿದರೆ ನಿಜವಾದ ಅಂಕಿ ಬರುತ್ತದೆ. ಆಗಲೂ ಉದ್ದನೆಯ ಕಾರ್ಡ್ ನಾಲ್ಕು ಲೇನ್ ಎಂದೇ ತೋರಿಸಿದರೆ ಅದನ್ನು ಕೆಳಗಿನ ಸ್ಲಾಟ್‌ಗೆ ಸಿಕ್ಕಿಸಿರುವ ಸಾಧ್ಯತೆ ಹೆಚ್ಚು. ನೋಡಲು ಎರಡೂ ಸ್ಲಾಟ್ ಒಂದೇ ಉದ್ದ, ಒಳಗಿನ ತಂತಿ ಬೇರೆ.

ಡ್ರೈವರ್ ಶುದ್ಧೀಕರಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಎಂಡಿ ಕಾರ್ಡ್‌ನಿಂದ ಎನ್‌ವಿಡಿಯಾ ಕಾರ್ಡ್‌ಗೆ, ಅಥವಾ ಅಲ್ಲಿಂದ ಇಲ್ಲಿಗೆ ಬದಲಾದಾಗ ಡಿಡಿಯು (ಡ್ರೈವರ್‌ನ ಕುರುಹು ಪೂರ್ತಿ ಅಳಿಸುವ ತಂತ್ರಾಂಶ) ಬಳಸಿ ಸೇಫ್ ಮೋಡ್‌ನಲ್ಲಿ ಹಳೆಯದನ್ನು ತೆಗೆಯಿರಿ. ಇಂಟರ್‌ನೆಟ್ ಸಂಪರ್ಕ ಕಿತ್ತಿಡಿ, ಇಲ್ಲದಿದ್ದರೆ ವಿಂಡೋಸ್ ತನ್ನದೇ ಡ್ರೈವರ್ ಅನ್ನು ನಡುವೆ ತುರುಕುತ್ತದೆ. ಪ್ರತಿ ಅಪ್‌ಡೇಟ್‌ಗೂ ಈ ಪೂಜೆ ಬೇಡ. ಡ್ರೈವರ್ ಬದಲಾದಾಗ ಶೇಖರಿಸಿಟ್ಟ ಶೇಡರ್‌ಗಳು ಸಾಮಾನ್ಯವಾಗಿ ಹೊಸದಾಗಿ ಕಂಪೈಲ್ ಆಗಬೇಕಾಗುತ್ತದೆ, ಅದನ್ನು ಮಾಡುವುದೂ ಅದೇ ಹಳೆಯ ಪ್ರೊಸೆಸರ್. ಹೀಗಾಗಿ ಮೊದಲ ಒಂದೆರಡು ಬಾರಿ ಆಟ ತಡವರಿಸುವುದು ಸಹಜ. ದಿನಕ್ಕೊಂದು ಆವೃತ್ತಿ ಹಾಕಿ ನೋಡುವವರು ಪ್ರತಿ ದಿನವೂ ಆ ತಡವರಿಕೆಯನ್ನೇ ಅಳೆಯುತ್ತಿರುತ್ತಾರೆ.

ಬಳಸಿದ ಕಾರ್ಡ್ ಕೊಳ್ಳುವವರು ಡ್ರೈವರ್‌ನ ಆಯಸ್ಸನ್ನೂ ನೋಡಬೇಕು. ಎಎಂಡಿ ತನ್ನ ಜಿಸಿಎನ್ ಎಂಬ ಚಿಪ್ ವಿನ್ಯಾಸದ ಮೊದಲ ಮೂರು ತಲೆಮಾರುಗಳನ್ನು 2021ರ ಜೂನ್‌ನಲ್ಲೇ ಹಳೆಯವುಗಳ ಪಟ್ಟಿಗೆ ಸೇರಿಸಿತು. ಎನ್‌ವಿಡಿಯಾದ ಕೆಪ್ಲರ್ ತಲೆಮಾರಿನ ಕಾರ್ಡ್‌ಗಳಿಗೆ 470 ಡ್ರೈವರ್ ಸರಣಿಯೇ ಕೊನೆ. ಜಿಟಿಎಕ್ಸ್ 1060, 1080 ಇರುವ ಪ್ಯಾಸ್ಕಲ್ ತಲೆಮಾರಿಗೆ 2025ರ ಅಕ್ಟೋಬರ್ ನಂತರ ಭದ್ರತಾ ಪರಿಷ್ಕರಣೆಗಳಷ್ಟೇ. ಇಂಥ ಕಾರ್ಡ್ ಇಟ್ಟುಕೊಂಡವರು ಹೊಸ ಡ್ರೈವರ್‌ನಿಂದ ವೇಗ ನಿರೀಕ್ಷಿಸುವುದರಲ್ಲಿ ಅರ್ಥವಿಲ್ಲ. ಸ್ಥಿರವಾಗಿ ಓಡುವ ಒಂದು ಆವೃತ್ತಿ ಸಿಕ್ಕರೆ ಅದರಲ್ಲೇ ಇರಿ.

ಆಟದ ನಡುವೆ ಪರದೆ ಕಪ್ಪಾಗಿ ಮತ್ತೆ ಬರುವುದುಂಟು. ಕಾರ್ಡ್ ಎರಡು ಸೆಕೆಂಡ್ ಉತ್ತರಿಸದಿದ್ದರೆ ವಿಂಡೋಸ್ ಡ್ರೈವರ್ ಅನ್ನು ಮರುಚಾಲನೆ ಮಾಡಿ, ಘಟನೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ 4101 ಸಂಖ್ಯೆಯ ದಾಖಲೆ ಬರೆಯುತ್ತದೆ. ಅಲ್ಲಿ ಡ್ರೈವರ್‌ನ ಹೆಸರೇ ಇರುವುದರಿಂದ ತಪ್ಪೂ ಅದರದ್ದೇ ಎನಿಸುತ್ತದೆ. ಆದರೆ ಕಾರ್ಡ್‌ಗೆ ಸಾಕಷ್ಟು ವಿದ್ಯುತ್ ಸಿಗದಿರುವುದೂ ಕಾರಣವಿರಬಹುದು. ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್, ಆರು ಪಿನ್ ಕೇಬಲ್ 75, ಎಂಟು ಪಿನ್ 150. ವರ್ಷಗಳ ಕಾಲ ದುಡಿದ ಪವರ್ ಸಪ್ಲೈಗೆ ಮೋಲೆಕ್ಸ್ ಪರಿವರ್ತಕ (ಹಳೆಯ ನಾಲ್ಕು ಪಿನ್ ಕೇಬಲ್‌ಗೆ ಜೋಡಿಸುವಂಥದ್ದು) ಸಿಕ್ಕಿಸಿ ಎಂಟು ಪಿನ್ ಮಾಡಿಕೊಂಡಿದ್ದರೆ ನಾನು ಡ್ರೈವರ್ ಕಡೆ ತಿರುಗಿಯೂ ನೋಡುವುದಿಲ್ಲ. ಆ ಪರಿವರ್ತಕವನ್ನು ಮೊದಲು ಬಿಚ್ಚಿಸುತ್ತೇನೆ.

ಖರ್ಚು ಮಾಡಲು ಮನಸ್ಸಿದ್ದರೆ ಎರಡನೇ ರ್‍ಯಾಮ್ ಕಡ್ಡಿ ಹಾಕಿ. ಡಿಡಿಆರ್3 1600ರ ಒಂದೇ ಕಡ್ಡಿ ಸೆಕೆಂಡಿಗೆ 12.8 ಜಿಬಿ ಸಾಗಿಸಿದರೆ, ಡ್ಯುಯಲ್ ಚಾನೆಲ್‌ನಲ್ಲಿ ಎರಡು ಸೇರಿ 25.6. ಪ್ರೊಸೆಸರ್ ಕಾಯುವುದು ಕಡಿಮೆಯಾಗುತ್ತದೆ. ಅದೇ ಸಾಕೆಟ್‌ಗೆ ಕೂರುವ ಹೆಚ್ಚು ಕೋರ್‌ಗಳ ಪ್ರೊಸೆಸರ್ ಸಿಕ್ಕರೆ ಇನ್ನೂ ಒಳ್ಳೆಯದು. ಇಷ್ಟರ ಮೇಲೂ ಡ್ರೈವರ್‌ನ ಫಲಕ ತೆರೆದು ಏನಾದರೂ ಬದಲಿಸಲೇಬೇಕು ಎನ್ನುವವರಿಗೆ ನಾನು ಹೇಳುವುದು ಫ್ರೇಮ್ ಮಿತಿಯ ಸೆಟ್ಟಿಂಗ್ ಒಂದನ್ನೇ. 45 ಮತ್ತು 70ರ ನಡುವೆ ಜಿಗಿದಾಡುವ ಆಟವನ್ನು 45ಕ್ಕೆ ಕಟ್ಟಿಹಾಕಿದರೆ ಸರಾಸರಿ ಇಳಿಯುತ್ತದೆ, ಆದರೆ ಕಣ್ಣಿಗೆ ನಯವಾಗಿ ಕಾಣುತ್ತದೆ, ಕಾರ್ಡ್‌ನ ಫ್ಯಾನ್ ಸದ್ದೂ ತಗ್ಗುತ್ತದೆ.