ಬಿಳಿಯಂಚಿನ ನಂದಿಬಟ್ಟಲು ಬಯಲುಸೀಮೆಗೆ ಬಂದಾಗ

ಉಡುಪಿಯ ಕಡೆ, ಕಡಲಿನಿಂದ ಎರಡು ಮೈಲಿ ದೂರದಲ್ಲಿರುವ ನಮ್ಮ ಚಿಕ್ಕಮ್ಮನ ಹಿತ್ತಲಿನಲ್ಲಿ ಬಿಳಿಯಂಚಿನ ಎಲೆಗಳ ನಂದಿಬಟ್ಟಲಿನ ಪೊದೆಯೊಂದಿದೆ. ವರ್ಷದ ಯಾವ ತಿಂಗಳಲ್ಲಿ ಹೋದರೂ ಮೈತುಂಬ ಎಲೆ ಹೊತ್ತು ನಿಂತಿರುವ ಆ ಗಿಡಕ್ಕೆ ಅಲ್ಲಿ ವಿಶೇಷ ಆರೈಕೆಯೇನೂ ಇಲ್ಲ. ಬಾವಿಕಟ್ಟೆಯಿಂದ ಹರಿದುಬರುವ ನೀರಷ್ಟೇ ಅದರ ಪಾಲು. ಅದರ ಎರಡು ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ದಾವಣಗೆರೆಗೆ ತಂದು, ಬೇರು ಬಿಟ್ಟ ಮೇಲೆ ಮನೆಯ ಪಶ್ಚಿಮದ ಗೋಡೆಯ ಪಕ್ಕ ನೆಟ್ಟೆ. ಮಳೆಗಾಲ, ಚಳಿಗಾಲ ಚೆನ್ನಾಗಿಯೇ ಕಳೆದವು. ಏಪ್ರಿಲ್ ನಡುವಿಗೆ ಬರುವಷ್ಟರಲ್ಲಿ ಪ್ರತಿ ಎಲೆಯ ಬಿಳಿಯಂಚೂ ಕಂದಿ, ಮುಟ್ಟಿದರೆ ಹಪ್ಪಳದಂತೆ ಮುರಿಯತೊಡಗಿತು. ನಡುವಿನ ಹಸಿರು ಭಾಗಕ್ಕೆ ಮಾತ್ರ ಏನೂ ಆಗಿರಲಿಲ್ಲ. ಎಲೆ ಒಂದೇ, ಬಿಸಿಲು ಒಂದೇ, ನೀರು ಒಂದೇ ಆಗಿರುವಾಗ ಬಿಳಿಯ ಭಾಗವಷ್ಟೇ ಸುಟ್ಟದ್ದು ಏಕೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು.

ಮೊದಲು ಆ ಬಿಳಿ ಏನೆಂದು ನೋಡಬೇಕು. ಹೂವಿನ ಕೆಂಪಿಗೆ, ಅರಿಸಿನದ ಹಳದಿಗೆ ಬಣ್ಣದ ವಸ್ತುವೊಂದು ಇರುವಂತೆ ಎಲೆಯ ಬಿಳಿಗೆ ಯಾವ ಬಣ್ಣವೂ ಇಲ್ಲ. ಅಲ್ಲಿನ ಜೀವಕೋಶಗಳಲ್ಲಿ ಪತ್ರಹರಿತ್ತು ಇಲ್ಲದಿರುವುದರಿಂದ ಅವು ಗಾಜಿನಂತೆ ಬಣ್ಣಗೆಟ್ಟಿವೆ. ಕೋಶಗಳ ನಡುವೆ ಇರುವ ಗಾಳಿಯ ಸಂದುಗಳಲ್ಲಿ ಬೆಳಕು ಚದುರಿ ನಮಗೆ ಬಿಳಿಯಾಗಿ ಕಾಣುತ್ತದೆ. ನೊರೆ ಬೆಳ್ಳಗೆ ಕಾಣುವುದೂ ಇದೇ ಕಾರಣದಿಂದ. ಬಿಳಿಯಂಚನ್ನು ಎರಡು ಉಗುರುಗಳ ನಡುವೆ ಗಟ್ಟಿಯಾಗಿ ಹಿಸುಕಿ ನೋಡಿದರೆ ಇದು ಮನದಟ್ಟಾಗುತ್ತದೆ: ಗಾಳಿ ಹೊರಟುಹೋದ ಜಾಗ ಎಣ್ಣೆ ತಾಗಿದ ಕಾಗದದಂತೆ ಅರೆಪಾರದರ್ಶಕವಾಗುತ್ತದೆ. ಅದೇ ಎಲೆಯನ್ನು ಬೆಳಕಿಗೆ ಹಿಡಿದರೆ ಕಡುಹಸಿರು ಮತ್ತು ಬಿಳಿಯ ನಡುವೆ ಮೂರನೆಯದೊಂದು ಮಸುಕು ಹಸಿರೂ ಕಾಣುತ್ತದೆ. ಈ ಮಸುಕು ಹಸಿರಿನಲ್ಲಿಯೇ ಗಿಡದ ಗುಟ್ಟು ಅಡಗಿದೆ.

ಗಿಡದ ಕುಡಿಯ ತುತ್ತತುದಿಯಲ್ಲಿ ಕೋಶಗಳು ಒಂದರ ಮೇಲೊಂದು ಮೂರು ಪದರಗಳಾಗಿ ಜೋಡಣೆಗೊಂಡಿರುತ್ತವೆ. ಮೇಲಿನ ಪದರದಿಂದ ಎಲೆಯ ಸಿಪ್ಪೆಯೂ, ಎರಡನೆಯದರಿಂದ ಸಿಪ್ಪೆಯ ಕೆಳಗಿನ ತಿರುಳು ಹಾಗೂ ಅಂಚಿನ ತಿರುಳೂ, ಮೂರನೆಯದರಿಂದ ಎಲೆಯ ನಡುಭಾಗದ ಒಳತಿರುಳೂ ರೂಪುಗೊಳ್ಳುತ್ತವೆ. ಎಂದೋ ಒಮ್ಮೆ ಎರಡನೆಯ ಪದರದ ಕೋಶವೊಂದು ಹಸಿರನ್ನು ತಯಾರಿಸುವ ಶಕ್ತಿಯನ್ನು ಕಳೆದುಕೊಂಡು, ಅದರ ಸಂತತಿ ಆ ಪದರವನ್ನೆಲ್ಲ ತುಂಬಿಕೊಂಡರೆ, ಅಲ್ಲಿಂದ ಮುಂದೆ ಬರುವ ಪ್ರತಿ ಎಲೆಯ ಅಂಚೂ ಬಿಳಿಯಾಗಿರುತ್ತದೆ. ಬಣ್ಣವಿಲ್ಲದ ಹೊರತಿರುಳಿನ ಕೆಳಗೆ ಹಸಿರು ಒಳತಿರುಳು ಇರುವ ಕಡೆ ಮಸುಕು ಹಸಿರು ಕಾಣುತ್ತದೆ. ಅಂಚು ಬಿಳಿಯಾದ ಪೊದೆಗಳಲ್ಲಿ ಬಹುಪಾಲು ಈ ಬಗೆಯವು. ಬೇರೆ ಬೇರೆ ಆನುವಂಶಿಕ ಗುಣದ ಕೋಶಗಳು ಒಂದೇ ದೇಹದಲ್ಲಿ ಕೂಡಿ ಬಾಳುವ ಇಂಥ ಸಸ್ಯಕ್ಕೆ ವಿಜ್ಞಾನಿಗಳು ‘ಕೈಮೀರಾ’ ಎನ್ನುತ್ತಾರೆ. ಬಣ್ಣಬಣ್ಣದ ಕ್ರೋಟನ್ ಈ ಗುಂಪಿಗೆ ಸೇರಿದ್ದಲ್ಲ. ಎಲೆ ಬೆಳೆಯುತ್ತ ಹೋದಂತೆ ಮೂಡುವ ಅದರ ಚಿತ್ತಾರದ ಕಥೆಯೇ ಬೇರೆ.

ಈ ತಿಳಿವಳಿಕೆಯ ಒಂದು ಎಳೆ ನಮ್ಮ ಅಂಗಳದ ಸಂಜೆಮಲ್ಲಿಗೆಯಿಂದಲೇ ಬಂದದ್ದು. ಮೆಂಡೆಲನ ಆನುವಂಶಿಕತೆಯ ನಿಯಮಗಳನ್ನು 1900ರಲ್ಲಿ ಮತ್ತೆ ಬೆಳಕಿಗೆ ತಂದವರಲ್ಲಿ ಒಬ್ಬರಾದ ಜರ್ಮನಿಯ ಕಾರ್ಲ್ ಕೊರೆನ್ಸ್, ಒಂದೇ ಗಿಡದಲ್ಲಿ ಹಸಿರು, ಬಿಳಿ ಮತ್ತು ಮಿಶ್ರವರ್ಣದ ಕೊಂಬೆಗಳಿರುವ ಸಂಜೆಮಲ್ಲಿಗೆಯನ್ನು ಆಯ್ದುಕೊಂಡು, ಕೊಂಬೆಯಿಂದ ಕೊಂಬೆಗೆ ಪರಾಗ ಹಾಯಿಸಿ ನೋಡಿದರು. ಹಸಿರು ಕೊಂಬೆಯ ಹೂವಿನಿಂದ ಹಸಿರು ಸಸಿಗಳೇ ಬಂದವು, ಬಿಳಿ ಕೊಂಬೆಯ ಹೂವಿನಿಂದ ಬಿಳಿ ಸಸಿಗಳೇ ಬಂದವು. ಪರಾಗ ಯಾವ ಕೊಂಬೆಯದಾದರೂ ಫಲಿತಾಂಶ ಬದಲಾಗಲಿಲ್ಲ. ಮಿಶ್ರವರ್ಣದ ಕೊಂಬೆಯ ಬೀಜದಿಂದ ಮಾತ್ರ ಮೂರೂ ಬಗೆಯ ಸಸಿಗಳು ಹುಟ್ಟಿದವು. ತಂದೆತಾಯಿಗಳಿಬ್ಬರ ಪಾಲೂ ಸಮ ಎಂದು ನಂಬಿದ್ದ ಕಾಲದಲ್ಲಿ, ಎಲೆಯ ಹಸಿರಿನ ವಿಷಯದಲ್ಲಿ ಈ ಗಿಡ ತಾಯಿಯ ಮಾತನ್ನಷ್ಟೇ ಕೇಳುತ್ತಿತ್ತು. ಪತ್ರಹರಿತ್ತನ್ನು ಹೊತ್ತ ಕ್ಲೋರೋಪ್ಲಾಸ್ಟುಗಳಿಗೆ ತಮ್ಮದೇ ಡಿಎನ್ಎ ಇದೆ, ಸಂಜೆಮಲ್ಲಿಗೆಯಲ್ಲಿ ಅವು ಅಂಡಕೋಶದ ಮೂಲಕವೇ ಮುಂದಿನ ಪೀಳಿಗೆಗೆ ಸಾಗುತ್ತವೆ ಎಂಬುದು ಸ್ಪಷ್ಟವಾದದ್ದು ಆಮೇಲೆ. ಕೊರೆನ್ಸ್ ಇದನ್ನು ಪ್ರಕಟಿಸಿದ 1909ರಲ್ಲೇ ಎರ್ವಿನ್ ಬಾವರ್ ಎಂಬ ಇನ್ನೊಬ್ಬ ಜರ್ಮನ್ ವಿಜ್ಞಾನಿ ಬಿಳಿಯಂಚಿನ ಜೆರೇನಿಯಂ ಗಿಡಗಳನ್ನು ಪರೀಕ್ಷಿಸಿ ಪದರಗಳ ವಿವರಣೆಯನ್ನು ಕೊಟ್ಟರು.

ಬಿಳಿ ಸಸಿಗಳ ಬಾಳು ಅಲ್ಪ. ಬೀಜದಲ್ಲಿ ಕೂಡಿಟ್ಟ ಆಹಾರ ಮುಗಿಯುವವರೆಗೆ ನಿಂತು ಅವು ಸಾಯುತ್ತವೆ. ನಮ್ಮ ಮೆಕ್ಕೆಜೋಳದ ಹೊಲಗಳಲ್ಲಿ ಅಪರೂಪಕ್ಕೆ ಪೂರ್ತಿ ಬೆಳ್ಳಗಿನ ಸಸಿಯೊಂದು ಎದ್ದು, ಎರಡು ಮೂರು ವಾರದಲ್ಲಿ ಕಾಣೆಯಾಗುವುದು ಇದೇ ಕಾರಣದಿಂದ. ಅದೇ ಬೆಳೆಯ ಕಾಳುಗಳ ಮೇಲಿನ ಚುಕ್ಕೆ, ಎಲೆಗಳ ಮೇಲಿನ ಪಟ್ಟೆಗಳ ಬೆನ್ನು ಹತ್ತಿದ ಅಮೆರಿಕದ ವಿಜ್ಞಾನಿ ಬಾರ್ಬರಾ ಮೆಕ್ಲಿಂಟಾಕ್, ವರ್ಣತಂತುವಿನಲ್ಲಿ ಜಾಗ ಬದಲಿಸುವ ಜೀನುಗಳನ್ನು ಕಂಡುಹಿಡಿದು 1983ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಆದರೆ ಹೊಲದಲ್ಲಿ ಬಿಳಿ ಪಟ್ಟೆ ಕಂಡಾಗಲೆಲ್ಲ ಅದನ್ನು ಚಿತ್ತಾರವೆಂದು ಸುಮ್ಮನಿರಬಾರದು. ಶಿಲೀಂಧ್ರದಂಥ ಜೀವಿಯಿಂದ ಬರುವ ಕೇದಿಗೆ ರೋಗದಲ್ಲಿಯೂ ಎಲೆಗಳು ಪಟ್ಟೆಪಟ್ಟೆಯಾಗಿ ಬಿಳಿಚುತ್ತವೆ, ಮತ್ತು ಆ ಬಿಳಿ ಗಿಡದಿಂದ ಗಿಡಕ್ಕೆ ಹಬ್ಬುತ್ತದೆ.

ಇನ್ನು ನನ್ನ ಪ್ರಶ್ನೆಗೆ ಬರುತ್ತೇನೆ. ಕರಾವಳಿಯಲ್ಲಿ ಬೇಸಿಗೆಯ ಮಧ್ಯಾಹ್ನ 33 ಡಿಗ್ರಿ ಉಷ್ಣತೆ ಇದ್ದು ಗಾಳಿಯಲ್ಲಿ ಶೇ. 70ರಷ್ಟು ತೇವ ಇದೆಯೆಂದು ಇಟ್ಟುಕೊಳ್ಳೋಣ. ನಮ್ಮಲ್ಲಿ 38 ಡಿಗ್ರಿ ಮತ್ತು ಶೇ. 25. ಲೆಕ್ಕ ಹಾಕಿದರೆ ಎಲೆಯಿಂದ ನೀರನ್ನು ಹೀರುವ ಗಾಳಿಯ ದಾಹ ಅಲ್ಲಿಗಿಂತ ಇಲ್ಲಿ ಮೂರು ಪಟ್ಟಿಗೂ ಹೆಚ್ಚಾಗುತ್ತದೆ. ವರ್ಷದ ಮಳೆಯ ಅಂತರ ಇದಕ್ಕಿಂತ ದೊಡ್ಡದು: ಕರಾವಳಿಯಲ್ಲಿ 3,500 ಮಿಲಿಮೀಟರಿಗೂ ಹೆಚ್ಚು, ನಮ್ಮಲ್ಲಿ 600ರ ಆಸುಪಾಸು. ಎಲೆಯ ಅಂಚು ನರಗಳು ಮುಗಿಯುವ ಜಾಗ. ನೀರಿನ ಕೊರತೆ ಮೊದಲು ತಟ್ಟುವುದು ಅಲ್ಲಿಗೇ. ಕೊಳವೆಬಾವಿಯ ಗಡಸು ನೀರಿನಲ್ಲಿ ಬಂದ ಲವಣವೂ ನೀರು ಆವಿಯಾದ ಮೇಲೆ ಅಲ್ಲಿಯೇ ಉಳಿಯುತ್ತದೆ. ಇಷ್ಟು ಸಾಲದೆಂಬಂತೆ, ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳಲಾಗದ ಬಿಳಿಯಂಚು ಪ್ರತಿ ತುತ್ತಿಗೂ ನಡುವಿನ ಹಸಿರಿನ ಕಡೆ ನೋಡಬೇಕು. ಬಾಯಾರಿದ ಹಸಿರು, ಗಾಳಿಯಾಡುವ ಸೂಕ್ಷ್ಮ ರಂಧ್ರಗಳಾದ ಎಲೆಬಾಯಿಗಳನ್ನು ಮುಚ್ಚಿಕೊಂಡು ಸಕ್ಕರೆಯ ತಯಾರಿಕೆಯನ್ನು ತಗ್ಗಿಸಿದಾಗ ಅಂಚಿಗೆ ಅನ್ನವೂ ಇಲ್ಲ, ನೀರೂ ಇಲ್ಲ.

ಹಾಗೆಂದು ಗಿಡವನ್ನು ಪೂರ್ತಿ ನೆರಳಿಗೆ ತಳ್ಳುವುದು ತಪ್ಪು. ಇರುವ ಹಸಿರೇ ಕಡಿಮೆಯಾದ್ದರಿಂದ ಅದಕ್ಕೆ ಬೆಳಕು ಚೆನ್ನಾಗಿಯೇ ಬೇಕು. ಬೇಡವಾದದ್ದು ಮಧ್ಯಾಹ್ನದ ಬಿಸಿಲು ಮತ್ತು ಕಾದ ಗೋಡೆಯ ಝಳ. ಜೂನ್ ಮಳೆ ಬಿದ್ದ ಮೇಲೆ ನಾನು ಗಿಡವನ್ನು ಹೆಂಟೆಸಹಿತ ಎತ್ತಿ ಪೂರ್ವದ ಬದಿಗೆ ಬದಲಿಸಿದೆ. ನೀರು ನಿಲ್ಲುವ ಎರೆಮಣ್ಣನ್ನು ಎರಡಡಿ ತೆಗೆದು, ಕೆಂಪು ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಕೂಡಿಸಿ ತುಂಬಿದೆ. ಬುಡಕ್ಕೆ ಚನ್ನಗಿರಿ ಕಡೆಯಿಂದ ತರಿಸಿದ ಅಡಿಕೆ ಸಿಪ್ಪೆಯನ್ನು ನಾಲ್ಕು ಬೆರಳು ದಪ್ಪ ಹೊದಿಸಿದೆ. ದಿನವೂ ಚಿಮುಕಿಸುವುದಕ್ಕಿಂತ ಮೂರು ನಾಲ್ಕು ದಿನಕ್ಕೊಮ್ಮೆ ಬೇರಿನ ಆಳಕ್ಕೆ ಇಳಿಯುವಂತೆ ನೀರು ಕೊಡುವುದು ಮೇಲು, ಮಳೆನೀರು ಹಿಡಿದಿಟ್ಟಿದ್ದರೆ ಇನ್ನೂ ಮೇಲು. ಸುಣ್ಣದಂಶದ ಮಣ್ಣಿನಲ್ಲಿ ಹೊಸ ಎಲೆಯ ನರಗಳಷ್ಟೇ ಹಸಿರಾಗಿ ಉಳಿದು ನಡುವೆ ಹಳದಿಯಾದರೆ ಅದು ಕಬ್ಬಿಣದ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಮತ್ತು ನಾಲ್ಕು ಹನಿ ನಿಂಬೆರಸ ಬೆರೆಸಿ ಸಂಜೆ ಸಿಂಪಡಿಸಬಹುದು.

ಕತ್ತರಿಯ ಕೆಲಸಕ್ಕೂ ಪದರಗಳೇ ದಾರಿ ತೋರಿಸುತ್ತವೆ. ಒಳಪದರದ ಹಸಿರು ಕೋಶಗಳು ಕುಡಿಯ ತುದಿಯನ್ನು ಆಕ್ರಮಿಸಿದರೆ ಅಚ್ಚಹಸಿರಿನ ಟೊಂಗೆಯೊಂದು ಏಳುತ್ತದೆ. ಪೂರ್ತಿ ದುಡಿಯುವ ಎಲೆಗಳಿರುವ ಆ ಟೊಂಗೆ ಉಳಿದವನ್ನು ಹಿಂದೆ ಹಾಕಿ ಬೆಳೆಯುವುದರಿಂದ, ಹಾಗೆಯೇ ಬಿಟ್ಟರೆ ನಾಲ್ಕಾರು ವರ್ಷದಲ್ಲಿ ಬಿಳಿಯಂಚಿನ ಗಿಡವೇ ಮರೆಯಾಗುತ್ತದೆ. ಅದನ್ನು ಹುಟ್ಟಿದ ಗೆಣ್ಣಿನಲ್ಲಿಯೇ ಕತ್ತರಿಸಬೇಕು. ಅಚ್ಚಬಿಳಿಯ ಕುಡಿಯೂ ಬರುವುದುಂಟು. ನೋಡಲು ಬಹಳ ಚೆಂದ, ಆದರೆ ಗಿಡಕ್ಕೆ ಹೊರೆ, ಅದನ್ನೂ ತೆಗೆಯುವುದೇ ಸರಿ. ಸಸಿ ಮಾಡಲು ಮೂರೂ ಪದರಗಳು ಕೂಡಿದ ಗೆಣ್ಣಿನ ಮೊಗ್ಗಿರುವ ಕಡ್ಡಿಯೇ ಬೇಕು. ಹಳದಿ ಅಂಚಿನ ಸ್ನೇಕ್ ಪ್ಲಾಂಟಿನ ಎಲೆಯನ್ನು ತುಂಡರಿಸಿ ನೆಟ್ಟವರಿಗೆ ಅಂಚಿಲ್ಲದ ಹಸಿರು ಗಿಡ ಸಿಗುವುದು, ಹೊಸ ಮೊಗ್ಗು ಒಳಗಿನ ಹಸಿರು ಕೋಶಗಳಿಂದ ಹುಟ್ಟುವುದರಿಂದ.

ಎರಡು ವರ್ಷದ ಹಿಂದೆ ನನ್ನ ಗಿಡದಲ್ಲಿ ಎದ್ದ ಹಸಿರು ಟೊಂಗೆಯನ್ನು ಕತ್ತರಿಸಿದಾಗ ಗೆಣ್ಣಿನಿಂದ ಹಾಲು ತೊಟ್ಟಿಕ್ಕಿತು. ಎಸೆಯಲು ಮನಸ್ಸಾಗದೆ ಅದನ್ನು ಹಳೆಯ ಜಾಗದಲ್ಲಿ, ಪಶ್ಚಿಮದ ಗೋಡೆಯ ಪಕ್ಕವೇ ನೆಟ್ಟೆ. ಪೂರ್ವದಲ್ಲಿರುವ ಬಿಳಿಯಂಚಿನ ಗಿಡ ಈಗ ನನ್ನ ಸೊಂಟದೆತ್ತರ ಇದೆ, ಈ ಏಪ್ರಿಲ್‌ನಲ್ಲಿ ಅದರ ಎಂಟು ಹತ್ತು ಎಲೆಗಳ ಅಂಚಷ್ಟೇ ಕಂದಿತು. ಅದರದೇ ಟೊಂಗೆಯಾದ ಹಸಿರು ಗಿಡ ಗೋಡೆಯ ಝಳದಲ್ಲಿಯೇ ನಿಂತು ಕಿಟಕಿಯ ಸಜ್ಜೆಯನ್ನು ಮುಟ್ಟಿದೆ.