ಸಕ್ಕರೆಯಲ್ಲಿ ಮಣ್ಣಿನ ಸತ್ವವಿಲ್ಲ

ಕಬ್ಬಿನ ಹಂಗಾಮಿನಲ್ಲಿ ಸಂಜೆ ಹೊತ್ತು ಮುಧೋಳದಿಂದ ಜಮಖಂಡಿಯತ್ತ ಹೊರಟರೆ ಹೊಲಗಳಲ್ಲಿ ಬೆಂಕಿ ಕಾಣುತ್ತದೆ. ಗ್ಯಾಂಗಿನವರು ಕಬ್ಬು ಕಡಿದು ಹೋದ ಮೇಲೆ ಉಳಿದ ರವದಿಯನ್ನು, ಅಂದರೆ ಒಣಗಿದ ಎಲೆ-ಸೋಗೆಯನ್ನು, ಸುಡುವ ಬೆಂಕಿ ಅದು. ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದೇ ಹೊಲಕ್ಕೆ ವಾರದೊಳಗೆ ದುಡ್ಡು ಕೊಟ್ಟು ಗೊಬ್ಬರ ತರಬೇಕು.

ಸಕ್ಕರೆಯ ಅಣುವಿನಲ್ಲಿರುವುದು ಇಂಗಾಲ, ಜಲಜನಕ, ಆಮ್ಲಜನಕ ಮಾತ್ರ. ಸಾರಜನಕವಿಲ್ಲ, ರಂಜಕವಿಲ್ಲ, ಪೊಟ್ಯಾಷ್ ಇಲ್ಲ. ಊರಾಚೆಗೆ ನಾವು ಮಾರುತ್ತಿರುವುದು ಬಿಸಿಲು ಬೆಸೆದ ಗಾಳಿ ಮತ್ತು ನೀರನ್ನು. ಕಬ್ಬು ಮಣ್ಣಿನಿಂದ ಹೀರಿದ್ದು ಹೊಲದಲ್ಲಿಯೋ ಕಾರ್ಖಾನೆಯ ಅಂಗಳದಲ್ಲಿಯೋ ಉಳಿದಿರುತ್ತದೆ. ವೃತ್ತಾಕಾರದ ಆರ್ಥಿಕತೆ ಎಂದು ಈಗ ಕರೆಯುವುದು ಅದನ್ನು ಮರಳಿ ಮಣ್ಣಿಗೆ ಸೇರಿಸುವ ಕೆಲಸವನ್ನೇ. ತಿಪ್ಪೆಗುಂಡಿ ತುಂಬಿದ ಹಿರಿಯರಿಗೆ ಅದು ಗೊತ್ತಿತ್ತು.

ಒಂದು ಟನ್ ಕಬ್ಬು ಅರೆದರೆ ಸುಮಾರು 100 ಕಿಲೋ ಸಕ್ಕರೆ, 300 ಕಿಲೋದಷ್ಟು ಸಿಪ್ಪೆ, 30–40 ಕಿಲೋ ಪ್ರೆಸ್‌ಮಡ್ (ಕಬ್ಬಿನ ಹಾಲು ಸೋಸಿದಾಗ ಉಳಿಯುವ ಕೆಸರು), 40 ಕಿಲೋಗೂ ಮಿಕ್ಕಿ ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಅಂಟು ಪಾಕ) ಬರುತ್ತದೆ. ಸಿಪ್ಪೆ ಬಾಯ್ಲರ್‌ಗೆ ಹೋಗಿ ವಿದ್ಯುತ್ ಆಗುತ್ತದೆ. ಕಬ್ಬಿನ ಹಾಲಿಗೆ ಸುಣ್ಣ ಹಾಕಿ ತಿಳಿಗೊಳಿಸುವಾಗ ರಂಜಕ ಪ್ರೆಸ್‌ಮಡ್‌ನಲ್ಲಿ ತಳ ಸೇರುತ್ತದೆ. ಪೊಟ್ಯಾಷ್ ಕಾಕಂಬಿಯ ಜೊತೆ ಡಿಸ್ಟಿಲರಿಗೆ ಹೋಗುತ್ತದೆ. ಅಲ್ಲಿ ತಯಾರಾಗುವ ಎಥೆನಾಲ್‌ನಲ್ಲಿಯೂ ಅದಕ್ಕೆ ಜಾಗವಿಲ್ಲ. ಕೊನೆಗೆ ಡಿಸ್ಟಿಲರಿಯ ಕಂದು ಬಣ್ಣದ ತ್ಯಾಜ್ಯ ನೀರಾದ ಸ್ಪೆಂಟ್‌ವಾಷ್‌ನಲ್ಲಿ ಉಳಿಯುತ್ತದೆ. ಹಳ್ಳಕ್ಕೆ ಬಿಟ್ಟರೆ ಈ ಸ್ಪೆಂಟ್‌ವಾಷ್ ನೀರಿನ ಆಮ್ಲಜನಕವನ್ನು ತಿಂದು ಮೀನು ಸಾಯಿಸುತ್ತದೆ. ಅದನ್ನೇ ಬಾಯ್ಲರ್‌ನಲ್ಲಿ ಸುಟ್ಟರೆ ಬರುವ ಬೂದಿಯಿಂದ ಶೇ 14.5ರಷ್ಟು ಪೊಟ್ಯಾಷ್ ಇರುವ ಗೊಬ್ಬರ ಸಿಗುತ್ತದೆ. ಪೊಟ್ಯಾಷ್‌ಗಾಗಿ ಬಹುತೇಕ ಆಮದನ್ನೇ ನಂಬಿರುವ ದೇಶಕ್ಕೆ ಇದು ಸಣ್ಣ ಮಾತಲ್ಲ. ಬ್ರೆಜಿಲ್‌ನಲ್ಲಿ ಸ್ಪೆಂಟ್‌ವಾಷನ್ನು ನೇರವಾಗಿ ಕಬ್ಬಿನ ಗದ್ದೆಗೆ ಹಾಯಿಸುತ್ತಾರೆ. ನಮ್ಮ ಎರೆ ಭೂಮಿಗೆ ಅದನ್ನು ಹಾಗೆಯೇ ತರಬಾರದು. ನೀರು ಬಸಿಯದೆ, ಉಪ್ಪುಗಟ್ಟಿ ಸವಳು-ಜವಳಾದ ಹೊಲಗಳು ಘಟಪ್ರಭೆಯ ದಂಡೆಯಲ್ಲಿ ಈಗಾಗಲೇ ಇವೆ.

ಇನ್ನು ರವದಿ. ಎಕರೆಗೆ ಮೂರು–ನಾಲ್ಕು ಟನ್ ಬೀಳುತ್ತದೆ. ಸುಟ್ಟರೆ ಅದರಲ್ಲಿನ ಸಾರಜನಕದ ಹೆಚ್ಚಿನ ಪಾಲು ಹೊಗೆಯಾಗುತ್ತದೆ. ಅರ್ಧ ಚೀಲ ಯೂರಿಯಾಗಿಂತ ಹೆಚ್ಚು ಹೋಯಿತೆಂದು ಲೆಕ್ಕ. ಅದಕ್ಕಿಂತ ದೊಡ್ಡ ನಷ್ಟ ಇಂಗಾಲದ್ದು. ಮಣ್ಣು ಮೆದುವಾಗಿರಲು, ನೀರು ಹಿಡಿದುಕೊಳ್ಳಲು, ಎರೆಹುಳು ಬದುಕಲು ಬೇಕಾದದ್ದೇ ಅದು.

ರೈತರು ತಿಳಿಯದೆ ಸುಡುತ್ತಾರೆ ಎನ್ನುವುದು ತಪ್ಪು. ರವದಿ ಬಿಟ್ಟ ಹೊಲದಲ್ಲಿ ಕುಳೆ, ಅಂದರೆ ಕಡಿದ ಬುಡದಿಂದ ಚಿಗುರುವ ಮುಂದಿನ ಬೆಳೆ, ಹಳದಿಯಾದದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ರವದಿಯಲ್ಲಿ ಒಂದು ಪಾಲು ಸಾರಜನಕಕ್ಕೆ ನೂರರ ಆಸುಪಾಸು ಇಂಗಾಲವಿರುತ್ತದೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಅಷ್ಟು ಸಾರಜನಕ ಸಾಲದು, ಕೊರತೆಯನ್ನು ಮಣ್ಣಿನಿಂದ ಕಸಿಯುತ್ತವೆ. ಆ ಕೆಲವು ವಾರ ಕುಳೆ ಹಸಿಯುತ್ತದೆ. ರವದಿಯ ಮೇಲೆ ಸ್ವಲ್ಪ ಯೂರಿಯಾ ಎರಚಿ, ಸಗಣಿ ರಾಡಿ ಚಿಮುಕಿಸಿ, ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹೊದಿಸಿ ನೀರುಣಿಸಿದರೆ ಈ ತೊಂದರೆ ನೀಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಅದೇ ಹೊದಿಕೆ ತೇವ ಕಾಯುತ್ತದೆ, ಕಸವನ್ನು ತಡೆಯುತ್ತದೆ.

ಆದರೆ ಸಾಲು ಮಾಡುವ ಆಳು ಎಲ್ಲಿ? ರವದಿ ಕತ್ತರಿಸುವ ಯಂತ್ರ ಒಬ್ಬ ಸಣ್ಣ ರೈತನ ಕೈಗೆಟುಕುವುದಿಲ್ಲ. ಗ್ಯಾಂಗು ಕಳಿಸುವ ಕಾರ್ಖಾನೆ ಅದರ ಬೆನ್ನಿಗೇ ಆ ಯಂತ್ರವನ್ನೂ ಕಳಿಸಬೇಕು ಎಂಬುದು ನನ್ನ ಬೇಡಿಕೆ. ಪ್ರೆಸ್‌ಮಡ್‌ನದೂ ಇಂಥದೇ ಕಥೆ. ಹಸಿ ಪ್ರೆಸ್‌ಮಡ್‌ನಲ್ಲಿ ಮುಕ್ಕಾಲು ಪಾಲು ನೀರೇ, ಹಾಗಾಗಿ ಗೊಬ್ಬರಕ್ಕಿಂತ ಸಾಗಣೆಯೇ ದುಬಾರಿ. ಇತ್ತ ಕಬ್ಬು ಇಳಿಸಿದ ಟ್ರ್ಯಾಕ್ಟರ್‌ಗಳು ರಾತ್ರಿಯಿಡೀ ಅದೇ ಹೊಲಗಳತ್ತ ಖಾಲಿ ಟ್ರೇಲರ್ ಎಳೆದುಕೊಂಡು ಹಿಂದಿರುಗುತ್ತವೆ.